ಉಪ್ಪರಿಗೆ, ಟೈಮರ್, ನಸುಕು, ಶಿವಮೊಗ್ಗದ ಮೇಜು: ನಾಲ್ಕನ್ನೂ ಮಾಡಿ ನೋಡಿದೆ

ಗೋಪೂಜೆಯ ದಿನ ಹಸುವಿನ ಕೊರಳಿಗೆ ಅಡಿಕೆ ಸರ ಕಟ್ಟುತ್ತಾ, ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಪಾರ್ಟಿಯೊಬ್ಬರ, ಅಂದರೆ ನಾನು ಲೆಕ್ಕ ನೋಡುವ ಗಿರಾಕಿಯೊಬ್ಬರ ಹತ್ತಿರ ಓಟಿಪಿ ಕೇಳುತ್ತಿದ್ದೆ. ಅತ್ತೆ ಏನೂ ಅನ್ನಲಿಲ್ಲ. ಆರತಿ ತಟ್ಟೆ ಹಿಡಿದು ನಾನು ಮುಗಿಸುವ ತನಕ ಕಾದರು. ಬೈದಿದ್ದರೆ ಎರಡು ದಿನಕ್ಕೆ ಮರೆತುಬಿಡುತ್ತಿದ್ದೆನೇನೋ.

ನಮ್ಮ ಮನೆ ತೀರ್ಥಹಳ್ಳಿಯಿಂದ ಒಂಬತ್ತು ಕಿಲೋಮೀಟರ್ ಒಳಗೆ. ಬೆಂಗಳೂರಿನ ಒಬ್ಬ ಆಡಿಟರ್ ಹತ್ತಿರ ಮನೆಯಿಂದಲೇ ಕೆಲಸ, ಮೂವತ್ತು ಚಿಲ್ಲರೆ ಪಾರ್ಟಿಗಳ ಲೆಕ್ಕ ನನ್ನ ಪಾಲಿಗೆ. ಈ ಕೆಲಸದ ತಿಂಗಳು ಗೊತ್ತಿದ್ದವರಿಗೆ ಗೊತ್ತು: 7ಕ್ಕೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 ಅನ್ನುವ ಮಾರಾಟದ ವಿವರ, 14ಕ್ಕೆ ಖರೀದಿ ತೆರಿಗೆಯ ಪಟ್ಟಿ 2ಬಿ ಬರುತ್ತದೆ, ಅದನ್ನು ಬಿಲ್ಲುಗಳ ಜೊತೆ ತಾಳೆ ನೋಡಿ 20ರೊಳಗೆ ತಿಂಗಳ ಜಿಎಸ್‌ಟಿ ರಿಟರ್ನ್ 3ಬಿ. ಆಮೇಲಿನ ಹತ್ತು ದಿನ ಅಷ್ಟೇನಿಲ್ಲ. ಆದರೂ ವರ್ಷವಿಡೀ, ದಿನವಿಡೀ ಕೆಲಸದಲ್ಲೇ ಇದ್ದೇನೆ ಅನ್ನಿಸುತ್ತಿತ್ತು. ಆ ದೀಪಾವಳಿಯಾದ ಮೇಲೆ, ಕೆಲಸಕ್ಕೂ ಮನೆಗೂ ನಡುವೆ ಗೆರೆ ಎಳೆಯೋಣ ಅಂತ, ಒಂದೊಂದು ಪದ್ಧತಿಯನ್ನು ಎರಡೆರಡು ತಿಂಗಳು, ಕೆಲವನ್ನು ಬೇರೆ ಋತುವಿನಲ್ಲಿ ಮತ್ತೊಮ್ಮೆ ಮಾಡಿ ನೋಡಿದೆ.

ಮೊದಲು ಉಪ್ಪರಿಗೆ. ಒಂಬತ್ತರಿಂದ ಆರು, ಬಾಗಿಲು ಹಾಕಿಕೊಂಡು, ಪಕ್ಕಾ ಆಫೀಸಿನ ಹಾಗೆ. ಕೇಳೋದಕ್ಕೆ ಬಹಳ ಶಿಸ್ತು. ಆದರೆ ನಮ್ಮ ಕಡೆ ಮನೆಯಲ್ಲಿ ಹೆಂಗಸು ಇದ್ದಾಳೆ ಅಂದರೆ ಇದ್ದಾಳೆ ಅಂತಲೇ ಅರ್ಥ. ಉಪ್ಪರಿಗೆಯಲ್ಲಿದ್ದರೇನು, ಅಡುಗೆಮನೆಯಲ್ಲಿದ್ದರೇನು. ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದವರು ಜಗಲಿಯಿಂದಲೇ "ಇದ್ಯೇನೇ?" ಅಂತ ಕೂಗಿದರೆ, "ಮೀಟಿಂಗಲ್ಲಿದ್ದೀನಿ" ಅಂತ ಮೇಲಿನಿಂದ ಕೂಗಿ ಹೇಳುವ ಧೈರ್ಯ ನನಗಂತೂ ಇಲ್ಲ. ಹನ್ನೊಂದಕ್ಕೆ ಆಳುಗಳ ಕಾಫಿ, ನಾಲ್ಕಕ್ಕೆ ಮಗಳ ಸ್ಕೂಲ್ ಬಸ್ಸು. ಹೀಗೆ ಕಳೆದ ಹೊತ್ತನ್ನೆಲ್ಲ ರಾತ್ರಿ ಒಂಬತ್ತರ ತನಕ ತುಂಬಿಸಿಕೊಡುತ್ತಿದ್ದೆ. ಎಂಟು ಗಂಟೆಯ ದಿನ ಅನ್ನುವುದು ಕಾರ್ಖಾನೆಯವರು ಹೋರಾಡಿ ಪಡೆದದ್ದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ಮಾಡಿದ ಮೊಟ್ಟಮೊದಲ ಒಪ್ಪಂದವೇ ದಿನಕ್ಕೆ ಎಂಟು, ವಾರಕ್ಕೆ ನಲವತ್ತೆಂಟು ಗಂಟೆ ಅನ್ನುವುದರ ಬಗ್ಗೆ. ಆದರೆ ಅಲ್ಲಿ ಸೈರನ್ ಊದುವವರು ಬೇರೆಯವರಿದ್ದರು. ಇಲ್ಲಿ ಊದಬೇಕಾದವಳೂ ನಾನೇ, ಕೇಳಿಸಿಕೊಳ್ಳದವಳೂ ನಾನೇ.

ಟೈಮರ್ ಪದ್ಧತಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಪ್ಪತ್ತೈದು ನಿಮಿಷ ಕೆಲಸ, ಐದು ನಿಮಿಷ ಬಿಡುವು, ಹೀಗೆ ನಾಲ್ಕು ಸುತ್ತಾದ ಮೇಲೆ ದೊಡ್ಡ ಬಿಡುವು. ಫ್ರಾನ್ಚೆಸ್ಕೋ ಚಿರಿಲ್ಲೋ ಅನ್ನುವ ಇಟಲಿಯವರು 1980ರ ದಶಕದ ಕೊನೆಗೆ, ಕಾಲೇಜಲ್ಲಿ ಓದುವಾಗ, ಟೊಮೇಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದಂತೆ. ಪೊಮೊಡೊರೊ ಅಂದರೆ ಇಟಲಿ ಭಾಷೆಯಲ್ಲಿ ಟೊಮೇಟೊ. 2ಬಿ ತಾಳೆ ನೋಡುವಂಥ ತಲೆನೋವಿನ ಕೆಲಸಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಈಗಲೂ ಬಳಸುತ್ತೇನೆ. ಎಡವಟ್ಟಾಗಿದ್ದು ಐದು ನಿಮಿಷದ ಬಿಡುವಿನಲ್ಲಿ. ಹಾಲು ಉಕ್ಕಿಸಿ ಬರೋಣ, ಬಟ್ಟೆ ಒಳಗೆ ತರೋಣ, ಬಚ್ಚಲ ಒಲೆಗೆ ಎರಡು ಕಟ್ಟಿಗೆ ನೂಕೋಣ. ಚಿರಿಲ್ಲೋ ಅವರ ಮನೆಯಲ್ಲಿ ಹಂಡೆ ಇರಲಿಲ್ಲ ಅಂತ ಕಾಣುತ್ತದೆ. ದಿನಕ್ಕೆ ಹನ್ನೆರಡು ಬಿಡುವು ಸಿಕ್ಕರೂ ಒಂದರಲ್ಲೂ ಕೂತಿರಲಿಲ್ಲ.

ಮೂರನೆಯದು ನಸುಕು. ನಾಲ್ಕೂವರೆಗೆ ಎದ್ದು ಏಳರ ತನಕ ಕೂರುವುದು, ಆಮೇಲೆ ತಿಂಡಿ, ಮಗಳು, ಮನೆ. ಮತ್ತೆ ಹತ್ತರಿಂದ ಒಂದು, ಎರಡೂವರೆಯಿಂದ ನಾಲ್ಕೂವರೆ. ಒಟ್ಟು ಏಳೂವರೆ ಗಂಟೆ, ಸಂಜೆ ಪೂರ್ತಿ ನನ್ನದು. ನಸುಕಿನ ಎರಡೂವರೆ ಗಂಟೆಯಲ್ಲಿ ಆಗುತ್ತಿದ್ದ ಕೆಲಸ ಹಗಲಿನ ಐದು ಗಂಟೆಗೆ ಸಮ. ಫೋನಿಲ್ಲ, ಜಗಲಿಗೆ ಯಾರೂ ಬರುವುದಿಲ್ಲ. ಮಳೆಗಾಲದಲ್ಲಂತೂ ಇದೇ ಕಾಪಾಡಿತು. ನಮ್ಮಲ್ಲಿ ಜುಲೈ ಅಂದರೆ ಎಲ್ಲಾ ಒಟ್ಟಿಗೆ ಬಂದು ಬೀಳುವ ತಿಂಗಳು. 20ಕ್ಕೆ 3ಬಿ, 31ಕ್ಕೆ ಸಂಬಳದಾರರ ರಿಟರ್ನ್, ಮರ ಬಿದ್ದು ಕರೆಂಟಿಲ್ಲ. ಅದರ ಮೇಲೆ ತೋಟದ ಡ್ಯೂ ಡೇಟ್ ಬೇರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮುಂಗಾರಿಗೆ ಮುಂಚೆ ಒಂದು ಸಲ ಹೊಡೆದರೆ ನಲವತ್ತು-ನಲವತ್ತೈದು ದಿನಕ್ಕೆ ಇನ್ನೊಂದು ಸಲ ಹೊಡೆಯಬೇಕು, ಅದು ಸರಿಯಾಗಿ ಜುಲೈಗೇ ಬರುತ್ತದೆ. ಮಳೆ ಒಂದು ಗಳಿಗೆ ಬಿಟ್ಟರೆ ಯಜಮಾನರು ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಂತ ಕದಡಲು ಶುರು, ನಾನು ಆಳುಗಳ ಊಟಕ್ಕೆ ಅಕ್ಕಿ ತೊಳೆಯಲು ಶುರು. ಅಂಥ ದಿನ ಬೆಳಿಗ್ಗೆ ಏಳಕ್ಕೇ ಅರ್ಧ ಕೆಲಸ ಮುಗಿದಿರುವುದು ಎಂಥ ನೆಮ್ಮದಿ, ಅನುಭವಿಸಿದವರಿಗೇ ಗೊತ್ತು.

ಹಾಗಾದರೆ ಇದೇ ಗೆದ್ದಿತು ಅನ್ನಬೇಕು. ಗೆಲ್ಲಲಿಲ್ಲ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ಶುರುವಾಯಿತು. ರಾತ್ರಿ ಊಟವಾದ ಮೇಲೆ ಅಂಗಳದ ಚಪ್ಪರದಡಿ ಲೈಟು ಹಾಕಿಕೊಂಡು, ಮೆಟ್ಟುಗತ್ತಿ ಇಟ್ಟುಕೊಂಡು, ಅಕ್ಕಪಕ್ಕದವರೆಲ್ಲ ಅಡಿಕೆ ಸುಲಿಯಲು ಕೂರುತ್ತಾರೆ. ಊರಿನ ಸುದ್ದಿ, ನಗು, ಯಾರದೋ ಮದುವೆ ಮಾತುಕತೆ, ಎಲ್ಲಾ ಅಲ್ಲೇ. ನಾನು ಒಂಬತ್ತಕ್ಕೇ ತೂಕಡಿಸುತ್ತಿದ್ದೆ. "ಹೋಗಿ ಮಲ್ಕೊ ಮಾರಾಯ್ತಿ, ಬೆರಳು ಕುಯ್ಕೊಂಡೀಯ" ಅಂತ ಎಬ್ಬಿಸಿ ಕಳಿಸಿದರು. ಒಳಗೆ ಮಲಗಿದರೆ ಹೊರಗಿನ ನಗು ಕೇಳುತ್ತಿತ್ತು, ನಿದ್ದೆ ಬರಲಿಲ್ಲ. ಬಾಳಿಗೆ ಹೊತ್ತು ಸಿಗಲಿ ಅಂತ ಬೇಗ ಎದ್ದವಳು ಬಾಳೆಲ್ಲ ನಡೆಯುವ ಹೊತ್ತಿಗೆ ಹಾಸಿಗೆಯಲ್ಲಿದ್ದೆ.

ನಾಲ್ಕನೆಯದು ದುಬಾರಿ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಪರಿಚಯದವರ ಆಫೀಸಿನ ಒಂದು ಮೇಜು, ತಿಂಗಳ ಬಾಡಿಗೆಗೆ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಅರವತ್ತು ಕಿಲೋಮೀಟರ್, ಬಸ್ಸಿಗೆ ಹೋಗ್ತಾ ಬರ್ತಾ ಮೂರು ಗಂಟೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ, ಆದರೆ ನಮ್ಮ ರೂಟಿನಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಹಾಗಾಗಿ ಟಿಕೆಟ್ ಖರ್ಚು ಬೇರೆ. ಮೂರು ಗಂಟೆ ದಂಡ ಅಂತ ಲೆಕ್ಕ ಹಾಕಿದ್ದೆ. ತಿರುಗಾಮುರುಗಾ ಆಯಿತು. ಐದೂವರೆ ಬಸ್ಸು ನನಗೋಸ್ಕರ ಕಾಯುವುದಿಲ್ಲವಲ್ಲ, ಐದು ಕಾಲಿಗೆ ಲ್ಯಾಪ್‌ಟಾಪ್ ಮುಚ್ಚಲೇಬೇಕು. ಉಪ್ಪರಿಗೆಯಲ್ಲಿ ಇಲ್ಲದಿದ್ದ ಸೈರನ್ ಬಸ್ಸಿನ ಹಾರ್ನಲ್ಲಿತ್ತು. ಕಿಟಕಿ ಪಕ್ಕ ಸೀಟು ಸಿಕ್ಕಿ ತುಂಗೆ ಕಾಣುತ್ತಿದ್ದರೆ ಮಂಡಗದ್ದೆ ಬರುವಷ್ಟರಲ್ಲಿ ಲೆಕ್ಕವೆಲ್ಲ ತಲೆಯಿಂದ ಇಳಿದಿರುತ್ತಿತ್ತು. ಆದರೆ ಮಗಳಿಗೆ ಜ್ವರ ಅಂತ ಮಧ್ಯಾಹ್ನ ಫೋನ್ ಬಂದ ದಿನ ಅದೇ ರಸ್ತೆ ಮುಗಿಯಲೇ ಇಲ್ಲ. ದಿನಾ ಹೋಗುವುದು ಸಾಧ್ಯವಿಲ್ಲ ಅಂತ ಅವತ್ತೇ ಗೊತ್ತಾಯಿತು.

ಈಗ ನಡೆಯುತ್ತಿರುವುದು ಕಲಬೆರಕೆ. 14ರಿಂದ 20ರ ನಡುವೆ ಎರಡು ದಿನ ಶಿವಮೊಗ್ಗ. ಜೂನ್‌ನಿಂದ ಸೆಪ್ಟೆಂಬರ್ ನಸುಕು. ಸುಲಿತದ ಕಾಲದಲ್ಲಿ ಆರೂವರೆಗೆ ಏಳುವುದು, ಮಧ್ಯಾಹ್ನ ಒಂದು ಗಂಟೆ ಜಾಸ್ತಿ ಕೂರುವುದು. ಸಂಜೆ ಏಳರ ಮೇಲೆ ಫೋನ್ ಗಡಿಯಾರದ ಸ್ಟ್ಯಾಂಡಿನ ಮೇಲೆ. ಫ್ರಾನ್ಸಿನಲ್ಲಿ 2017ರ ಜನವರಿಯಿಂದ ಕೆಲಸದ ಹೊತ್ತಿನಾಚೆ ಆಫೀಸಿನ ಮೇಲ್ ನೋಡದಿರುವ ಹಕ್ಕಿನ ಬಗ್ಗೆ ಕಾನೂನೇ ಇದೆ. ನನಗೆ ಅಷ್ಟೆಲ್ಲ ಬೇಕಾಗಲಿಲ್ಲ. "ಅರ್ಜೆಂಟಿದ್ರೆ ಮನೆ ಲ್ಯಾಂಡ್‌ಲೈನಿಗೆ ಮಾಡಿ ಸಾರ್" ಅಂತ ಆಡಿಟರಿಗೆ ಅಂದೆ, ಅವರೂ ಹ್ಞೂಂ ಅಂದರು. ಮೂರು ತಿಂಗಳಲ್ಲಿ ಅದು ಸಂಜೆ ಹೊತ್ತು ಒಂದೇ ಸಲ ಬಾರಿಸಿತು, ಅದೂ ರಾಂಗ್ ನಂಬರ್.

ಉಪ್ಪರಿಗೆ ಪೂರ್ತಿ ಬಿಟ್ಟಿಲ್ಲ. ಶಿವಮೊಗ್ಗಕ್ಕೆ ಹೋಗಲು ಶುರು ಮಾಡಿದ ಮೇಲೆ ಅತ್ತೆ ಒಂದು ಉಪಾಯ ಕಂಡುಕೊಂಡಿದ್ದಾರೆ. ನಾನು ಮೇಲೆ ಕೂತಿರುವಾಗ ಯಾರಾದರೂ ಜಗಲಿಯಿಂದ ಕೂಗಿದರೆ, "ಅವ್ಳು ಶಿವಮೊಗ್ಗಕ್ಕೆ ಹೋಗಿದಾಳೆ ಕಣೆ, ಸಂಜೆ ಬಾ" ಅನ್ನುತ್ತಾರೆ. ಬಂದವರು ಎದ್ದು ಹೋಗುವ ತನಕ ನಾನು ಕೆಮ್ಮುವ ಹಾಗಿಲ್ಲ. ಹೋದ ಮೇಲೆ ಮೆಟ್ಟಿಲ ಹತ್ತಿರ ಕಾಫಿ ಲೋಟ ಇಟ್ಟು ಮೆಲ್ಲಗೆ ಕರೆಯುತ್ತಾರೆ.