ಪುಣೆಯ ಚಳಿಗಾಲಕ್ಕೆ ಮನೆಯಲ್ಲೊಂದು ಜನರೇಟರ್ ಬೇಕಾ? ಕೆಲವು ವರ್ಷ ಬಳಸಿದ ಮೇಲೆ ಬರೆದದ್ದು

ಚಳಿಗಾಲದಲ್ಲಿ ಗಾಳಿಮಳೆ ಇಲ್ಲ, ಮರ ಬೀಳಲ್ಲ, ಎಸಿ ಲೋಡ್ ಇಲ್ಲ. ಮತ್ಯಾಕೆ ಕರೆಂಟ್ ಹೋಗಬೇಕು ಅಲ್ವಾ? ಹೋಗುತ್ತದೆ. ಮಳೆ ನಿಂತ ಕೂಡಲೇ ಪುಣೆಯಲ್ಲಿ ರಸ್ತೆ ಅಗೆಯುವ ಸೀಸನ್ ಶುರುವಾಗುತ್ತದೆ. ಡ್ರೈನೇಜ್ ಪೈಪಿಗೆ ಒಬ್ಬರು ಅಗೆದು ಹೋದರೆ, ಇಂಟರ್ನೆಟ್ ಕೇಬಲ್ಲಿಗೆ ಇನ್ನೊಬ್ಬರು ಬರುತ್ತಾರೆ. ನೆಲದೊಳಗಿನ ಹೈಟೆನ್ಷನ್ ಕೇಬಲ್ಲಿಗೆ ಜೆಸಿಬಿ ಹಲ್ಲು ತಾಗಿತೋ, ಮುಗೀತು. ಎಲ್ಲಿ ಫಾಲ್ಟ್ ಆಗಿದೆ ಅಂತ ಹುಡುಕಿ, ಅಗೆದು, ಜಾಯಿಂಟ್ ಹಾಕುವಷ್ಟರಲ್ಲಿ ಅರ್ಧ ರಾತ್ರಿ ಕಳೆದಿರುತ್ತದೆ. ಇದರ ಜೊತೆ ಲೈನ್ ರಿಪೇರಿಗೆ ಅಂತ ಕರೆಂಟ್ ತೆಗೆಯುವ ಗುರುವಾರದ ಮೇಂಟೆನೆನ್ಸ್ ಬೇರೆ. ಇಲ್ಲಿ ನೀರಿನ ಮೇಂಟೆನೆನ್ಸ್ ಕೂಡ ಸಾಮಾನ್ಯವಾಗಿ ಗುರುವಾರವೇ ಬರುತ್ತದೆ. ನಲ್ಲಿಯಲ್ಲಿ ನೀರಿಲ್ಲ, ಸಂಪಿನ ನೀರು ಮೇಲೆ ಹತ್ತಿಸಲು ಕರೆಂಟಿಲ್ಲ.

ನಾವಿರುವುದು ಧಾಯರಿ ಕಡೆ, ರೋ ಹೌಸ್‌ನಲ್ಲಿ. ಅಪಾರ್ಟ್‌ಮೆಂಟಿನವರ ಹಾಗೆ ನಮಗೆ ಸೊಸೈಟಿಯ ಜನರೇಟರ್ ಇಲ್ಲ. ಮನೆಯಲ್ಲಿ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯ ಇನ್ವರ್ಟರ್ ಮೊದಲಿನಿಂದಲೂ ಇತ್ತು. ಮಾವನವರಿಗೆ ರಾತ್ರಿ ಹೊತ್ತು ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮಷೀನು) ಹಾಕಬೇಕು ಅಂತ ಡಾಕ್ಟರ್ ಹೇಳಿದ ಮೇಲೆ ಅದು ಸಾಲದಾಯಿತು. ನಿಮಿಷಕ್ಕೆ ಐದು ಲೀಟರ್ ಕೊಡುವ ಆ ಮಷೀನು ಸುಮಾರು 350 ವ್ಯಾಟ್ ಎಳೆಯುತ್ತದೆ. 12 ವೋಲ್ಟಿನ 150 ಎಎಚ್ ಅಂದರೆ ಕಾಗದದ ಮೇಲೆ 1.8 ಯೂನಿಟ್. ಇನ್ವರ್ಟರ್ ತಿನ್ನುವುದು, ಬ್ಯಾಟರಿ ಹಳೆಯದಾದದ್ದು ಎಲ್ಲ ಕಳೆದರೆ ಮೂರು ಗಂಟೆ ಬಂದರೆ ಪುಣ್ಯ. ಹಾಗಾಗಿ ಜನರೇಟರ್ ತಂದೆವು. ಪೆಟ್ರೋಲಿನದು, ಪ್ಲೇಟ್ ಮೇಲೆ ಗರಿಷ್ಠ 3 ಕೆವಿಎ, ರೇಟೆಡ್ 2.5. ಅಂಗಡಿಯವರು ದೊಡ್ಡ ಅಕ್ಷರದಲ್ಲಿ ತೋರಿಸುವುದು ಗರಿಷ್ಠವನ್ನು. ನೀವು ನೋಡಬೇಕಾದದ್ದು ರೇಟೆಡ್ ಅನ್ನು, ಅಂದರೆ ಬಿಡದೆ ಕೊಡಬಲ್ಲಷ್ಟನ್ನು.

ಮೊದಲ ತಲೆನೋವು ಯಾರೂ ಹೇಳದ ಕಡೆಯಿಂದ ಬಂತು. ಜನರೇಟರ್ ಚೆನ್ನಾಗಿ ಓಡುತ್ತಿದೆ, ಚೇಂಜ್‌ಓವರ್ (ಮನೆಯ ಲೈನನ್ನು ಮೇನ್‌ನಿಂದ ಜನರೇಟರಿಗೆ ತಿರುಗಿಸುವ ಸ್ವಿಚ್) ಹಾಕಿದೆವು, ಲೈಟು ಬಂತು. ಆದರೆ ಇನ್ವರ್ಟರ್ ಮಾತ್ರ ಇನ್ನೂ ಬ್ಯಾಟರಿಯಲ್ಲೇ ಇದೆ, ಚಾರ್ಜ್ ಆಗುತ್ತಲೇ ಇಲ್ಲ. ವಾಯರ್‌ಮನ್ ಬಂದು ಇನ್ವರ್ಟರಿನ ಹಿಂದೆ ಕೈ ಹಾಕಿ, ಧೂಳು ಒರೆಸಿ, ಒಂದು ಚಿಕ್ಕ ಸ್ವಿಚ್ಚನ್ನು ಯುಪಿಎಸ್ ಕಡೆಯಿಂದ ನಾರ್ಮಲ್ ಕಡೆಗೆ ತಳ್ಳಿದ. ಟಕ್ ಅಂತ ರಿಲೇ ಬಿತ್ತು, ಚಾರ್ಜಿಂಗ್ ಲೈಟ್ ಹತ್ತಿತು. ಯುಪಿಎಸ್ ಮೋಡ್‌ನಲ್ಲಿ ಇನ್ವರ್ಟರ್ ತುಂಬಾ ಮಡಿವಂತ, ವೋಲ್ಟೇಜ್ ಸ್ವಲ್ಪ ಆಚೀಚೆ ಆದರೂ ಮುಟ್ಟುವುದಿಲ್ಲ. ಸಣ್ಣ ಜನರೇಟರಿನ ವೋಲ್ಟೇಜ್, ಫ್ರೀಕ್ವೆನ್ಸಿ ಎರಡೂ ಲೋಡ್ ಬದಲಾದಾಗ ಅಲುಗಾಡುತ್ತವೆ. ಇಷ್ಟು ಗೊತ್ತಿದ್ದರೆ ಹೊಸ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಆ ಸ್ವಿಚ್ ನೋಡುತ್ತೀರಿ.

ಪಂಪಿನ ವಿಷಯ. ನಮ್ಮದು ಒಂದು ಎಚ್‌ಪಿ. ಓಡುವಾಗ ಒಂದು ಕಿಲೋವ್ಯಾಟ್ ಹತ್ತಿರ, ಆದರೆ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಫ್ರಿಜ್, ಇನ್ವರ್ಟರ್ ಎಲ್ಲ ಆಫ್ ಮಾಡಿ ಪಂಪ್ ಒಂದನ್ನೇ ಹಾಕಿದರೆ ಇಂಜಿನ್ ಒಂದು ಸಲ ಕುಗ್ಗಿ, ಆಮೇಲೆ ಚೇತರಿಸಿಕೊಳ್ಳುತ್ತದೆ. ಟ್ಯಾಂಕ್ ತುಂಬಿದ ಮೇಲೆ ಉಳಿದದ್ದು. ಗೀಸರ್ ಹಾಕುವ ಆಸೆ ಬಿಡಿ. ಎರಡು ಕಿಲೋವ್ಯಾಟಿನ ಗೀಸರ್ ಹಾಕಿದರೆ ಬೇರೆ ಏನೂ ಓಡಿಸುವ ಹಾಗಿಲ್ಲ. ಸ್ನಾನದ ನೀರು ಗ್ಯಾಸ್ ಮೇಲೇ ಕಾಯಲಿ.

ಇನ್ನು ಪೆಟ್ರೋಲಿನ ಲೆಕ್ಕ. ಅರ್ಧ ಲೋಡಿನಲ್ಲಿ ಗಂಟೆಗೆ ಒಂದು ಲೀಟರ್ ಹತ್ತಿರ ಕುಡಿಯುತ್ತದೆ. ಲೀಟರಿಗೆ ನೂರು ರೂಪಾಯಿ ದಾಟಿರುವಾಗ ಒಂದು ಯೂನಿಟ್ಟಿಗೆ 80 ರೂಪಾಯಿ ಆಸುಪಾಸು ಬೀಳುತ್ತದೆ. ಲೋಡ್ ಕಡಿಮೆ ಮಾಡಿದರೆ ಪೆಟ್ರೋಲ್ ಅಷ್ಟೇ ಲೆಕ್ಕದಲ್ಲಿ ಕಡಿಮೆಯಾಗಲ್ಲ. ಬರೀ ಕಾನ್ಸಂಟ್ರೇಟರ್ ಓಡಿಸಲು ಜನರೇಟರ್ ಹಾಕಿಡುವುದು ಸುಮ್ನೆ ದಂಡ. ಈಗ ನಾವು ಮಾಡುವುದು ಇಷ್ಟು: ಕರೆಂಟ್ ಬರುವ ಲಕ್ಷಣ ಕಾಣದಿದ್ದರೆ ಸಂಜೆ ಜನರೇಟರ್ ಹಾಕಿ ಪಂಪ್, ಫ್ರಿಜ್, ಬ್ಯಾಟರಿ ಚಾರ್ಜ್ ಎಲ್ಲ ಮುಗಿಸುತ್ತೇವೆ. ಹತ್ತು ಗಂಟೆಗೆ ಬಂದ್. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಶಬ್ದದ ಮಿತಿ 45 ಡೆಸಿಬೆಲ್, ಈ ಯಂತ್ರಕ್ಕೆ ಅದು ಕನಸಿನ ಮಾತು. ಆಮೇಲೆ ಇನ್ವರ್ಟರ್. ಅದೂ ಮುಗಿದರೆ ಆಕ್ಸಿಜನ್ ಸಿಲಿಂಡರ್. ಉಸಿರಿನ ಮಷೀನು ಇರುವ ಮನೆಯಲ್ಲಿ ತುಂಬಿದ ಸಿಲಿಂಡರ್ ಒಂದು ಇರಲೇಬೇಕು. ಜನರೇಟರ್ ಇದೆಯಲ್ಲ ಅಂತ ಅದನ್ನು ವಾಪಸ್ ಕೊಡಬೇಡಿ.

ಕ್ಯಾನಿನಲ್ಲಿ ಪೆಟ್ರೋಲ್ ತುಂಬಿಸಲು ಬಂಕಿನವರು ತಕರಾರು ಮಾಡುವುದುಂಟು. ಪ್ಲಾಸ್ಟಿಕ್ ಬಾಟಲಿ ಹಿಡಿದು ಹೋಗಬೇಡಿ, ಲೋಹದ ಕ್ಯಾನ್ ಇರಲಿ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ, ಮಾರುವುದಕ್ಕಲ್ಲದಿದ್ದರೆ 30 ಲೀಟರ್ ತನಕ ಇಡಲು ಲೈಸೆನ್ಸ್ ಬೇಡ. ಆದರೆ ಅಷ್ಟು ಇಟ್ಟುಕೊಂಡು ಪ್ರಯೋಜನವೂ ಇಲ್ಲ. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ತೇವ ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಂತರೆ ಕೆಡುತ್ತದೆ.

ಚಳಿಗಾಲದಲ್ಲಿ ಈ ಜನರೇಟರ್ ಕೈಕೊಟ್ಟದ್ದು ಅದೇ ಕಾರಣಕ್ಕೆ. ಮಳೆಗಾಲದಲ್ಲಿ ಚೆನ್ನಾಗಿ ಓಡಿತ್ತು, ದೀಪಾವಳಿ ದಾಟುವ ತನಕ ಕೆಲಸವಿರಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಸೆಲ್ಫ್ ಒತ್ತಿದರೆ ಬ್ಯಾಟರಿ ಸತ್ತಿದೆ. ಹಗ್ಗ ಎಳೆಯುವುದು ನನ್ನ ಪಾಲಿಗೆ, ಯಜಮಾನರಿಗೆ ಭುಜ ನೋವು. ಚೋಕ್ ಎಳೆದು, ತೋಳು ಬಿದ್ದು ಹೋಗುವಷ್ಟು ಎಳೆದರೂ ಬರೀ ಫುಸ್. ಒಳಗಿನಿಂದ ಮಾವನವರು, "ಚಾಲೂ ಆತೇನವಾ?" ಸರ್ವೀಸ್ ಸೆಂಟರಿನವರು ಫೋನಿನಲ್ಲೇ ಹೊಸ ಕಾರ್ಬೊರೇಟರ್ ಹಾಕಬೇಕು ಅಂದುಬಿಟ್ಟರು, ನೋಡಲೂ ಬರಲಿಲ್ಲ. ಕೊನೆಗೆ ಗಲ್ಲಿಯ ಬೈಕ್ ಮೆಕ್ಯಾನಿಕ್ ಬಂದು ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದು ತೋರಿಸಿದ. ಕೂದಲೆಳೆಯಷ್ಟು ತೂತು, ಕಂದು ಅಂಟಿನಿಂದ ಪೂರ್ತಿ ಮುಚ್ಚಿತ್ತು. ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿದ, ಎರಡನೇ ಎಳೆತಕ್ಕೆ ಶುರು.

ಅವನು ಹೇಳಿಕೊಟ್ಟದ್ದನ್ನು ಈಗ ತಪ್ಪದೆ ಮಾಡುತ್ತೇನೆ. ಕೆಲಸ ಮುಗಿದ ಮೇಲೆ ಸ್ವಿಚ್ ಆಫ್ ಮಾಡುವುದಿಲ್ಲ, ಪೆಟ್ರೋಲ್ ಕಾಕ್ ಮುಚ್ಚುತ್ತೇನೆ. ಕಾರ್ಬೊರೇಟರಿನಲ್ಲಿ ಇದ್ದದ್ದು ಉರಿದು ತಾನಾಗಿ ನಿಲ್ಲುತ್ತದೆ. ತಿಂಗಳಿಗೊಮ್ಮೆ ಕಾಲು ಗಂಟೆ ಫ್ರಿಜ್ ಹಾಕಿ ಓಡಿಸುತ್ತೇನೆ, ಖಾಲಿ ಓಡಿಸುವುದಿಲ್ಲ. ಹೊಸ ಇಂಜಿನ್ನಿಗೆ ಮೊದಲ 20 ಗಂಟೆ ಓಡಿದ ಮೇಲೆ ಒಂದು ಸಲ, ಆಮೇಲೆ ಪ್ರತಿ 100 ಗಂಟೆಗೋ ಆರು ತಿಂಗಳಿಗೋ ಆಯಿಲ್ ಬದಲಿಸಿ ಅಂತ ಪುಸ್ತಕದಲ್ಲೇ ಇದೆ.

ಎರಡು ವಿಷಯದಲ್ಲಿ ಮಾತ್ರ ಜುಗಾಡ್ ಬೇಡ. ಒಂದು, ಚೇಂಜ್‌ಓವರ್ ಸ್ವಿಚ್. ಅದನ್ನು ಹಾಕಿಸದೆ ಎರಡೂ ಕಡೆ ಪಿನ್ ಇರುವ ವೈರ್ ಮಾಡಿ ಗೋಡೆಯ ಸಾಕೆಟ್ಟಿಗೆ ಚುಚ್ಚುವವರಿದ್ದಾರೆ. ಮೇನ್ ಆಫ್ ಮಾಡಲು ಮರೆತರೆ ನಿಮ್ಮ 230 ವೋಲ್ಟ್ ಹಿಂದಕ್ಕೆ ಹೋಗಿ ಟ್ರಾನ್ಸ್‌ಫಾರ್ಮರಿನಲ್ಲಿ 11,000 ಆಗುತ್ತದೆ. ಆ ಲೈನಿನ ಮೇಲೆ ಒಬ್ಬ ಮನುಷ್ಯ ಕೆಲಸ ಮಾಡುತ್ತಿರುತ್ತಾನೆ. ಇನ್ನೊಂದು, ಹೊಗೆ. ಚಳಿ ಅಂತ ಕಿಟಕಿ ಮುಚ್ಚಿ, ಕಳ್ಳರ ಭಯಕ್ಕೆ ಜನರೇಟರನ್ನು ಗ್ರಿಲ್ ಹಾಕಿದ ಬಾಲ್ಕನಿಯಲ್ಲಿಟ್ಟು ಓಡಿಸುವುದನ್ನು ಕಣ್ಣಾರೆ ನೋಡಿದ್ದೇನೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣವಿಲ್ಲ. ಬಾಗಿಲು, ಕಿಟಕಿಯಿಂದ ಆರು ಮೀಟರ್ ಆದರೂ ದೂರ, ಬಯಲಲ್ಲಿ ಇಡಿ. ನಮ್ಮದು ಹಿತ್ತಲಿನ ಮೂಲೆಯಲ್ಲಿ, ಸರಪಳಿ ಹಾಕಿ ಕಟ್ಟಿದೆ.

ಇನ್ವರ್ಟರ್ ಬ್ಯಾಟರಿ ಈಗ ಸಾಯುವ ಹಂತಕ್ಕೆ ಬಂದಿದೆ. ಈ ಸಲ ಎರಡು ಬ್ಯಾಟರಿಯ 24 ವೋಲ್ಟಿನದು ಹಾಕಿಸುವ ಯೋಚನೆ. ಆಗ ಕಾನ್ಸಂಟ್ರೇಟರ್ ರಾತ್ರಿಯ ಬಹುಪಾಲು ಅದರಲ್ಲೇ ಓಡುತ್ತದೆ. ಮತ್ತೆ ಜನರೇಟರ್ ಯಾಕೆ, ಮಾರಿಬಿಡೋಣ ಅಂತಾರೆ ಯಜಮಾನರು. ಗುರುವಾರ ಪಂಪ್ ಯಾವುದರ ಮೇಲೆ ಓಡಿಸ್ತೀರಿ ಅಂತ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.