ಸಿನಿಮಾ ಕಸುಬು ಕಲಿಯಲು ಎಡವಿದ ಚಿತ್ರವೋ, ಗಟ್ಟಿ ಚಿತ್ರವೋ?

ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಮೊಬೈಲಿನಲ್ಲೇ ಕಿರುಚಿತ್ರ ತೆಗೆಯಲು ಹೊರಟವರು ಎಡವಿದ ಹಿಂದಿ ಸೇಡಿನ ಥ್ರಿಲ್ಲರ್‌ನಿಂದಲೇ ಶುರು ಮಾಡುವುದು ಒಳ್ಳೆಯದು. ಗಟ್ಟಿ ಚಿತ್ರದಲ್ಲಿ ಕಥೆ ಎಳೆದುಕೊಂಡು ಹೋಗುತ್ತದೆ, ಒಂದು ಶಾಟ್‌ನಿಂದ ಇನ್ನೊಂದಕ್ಕೆ ಜಿಗಿಯುವ ಕಟ್ ಕಣ್ಣಿಗೇ ಬೀಳುವುದಿಲ್ಲ. ಎಡವಿದ್ದರಲ್ಲಿ ಹೊಲಿಗೆ ಬಿಚ್ಚಿ ಕಾಣುತ್ತದೆ.

ಹೊಡೆದಾಟದ ಒಂದೇ ನಿಮಿಷ ಆರಿಸಿ, ಶಬ್ದ ನಿಲ್ಲಿಸಿ ನೋಡಿ. ಎಡದಿಂದ ಬಲಕ್ಕೆ ಓಡುತ್ತಿದ್ದ ನಾಯಕ ಮುಂದಿನ ಶಾಟ್‌ನಲ್ಲಿ ಏಕಾಏಕಿ ಬಲದಿಂದ ಎಡಕ್ಕೆ ಬಂದರೆ ಕ್ಯಾಮೆರಾ 180 ಡಿಗ್ರಿ ಗೆರೆ, ಅಂದರೆ ಓಟದ ದಿಕ್ಕಿನುದ್ದಕ್ಕೂ ಎಳೆದುಕೊಂಡ ಕಾಲ್ಪನಿಕ ಗೆರೆ, ದಾಟಿ ಇನ್ನೊಂದು ಬದಿಗೆ ಹೋಗಿದೆ. ಯಾರು ಯಾರನ್ನು ಅಟ್ಟುತ್ತಿದ್ದಾರೆಂದೇ ತಿಳಿಯದು. ಆಮೇಲೆ ಪರದೆ ನೋಡದೆ ಬರೀ ಕೇಳಿ. ಸಂಗೀತವೊಂದೇ ಅಬ್ಬರಿಸುತ್ತಿದ್ದರೆ, ದೃಶ್ಯದಲ್ಲಿಲ್ಲದ ಭಯ ತುಂಬಲು ಅದು ಹೆಣಗುತ್ತಿದೆ. ಸೇಡಿನ ಕಥೆಯ ದೊಡ್ಡ ರೋಗ ಬೇರೆಯೇ: ಸಾಯುವವರನ್ನು ನಾವು ಹಚ್ಚಿಕೊಳ್ಳುವ ಮೊದಲೇ ಕೊಂದುಬಿಡುವುದು. ಆಗ ಕ್ಲೈಮ್ಯಾಕ್ಸ್‌ನಲ್ಲಿ ಹಾರುವ ಗುಂಡಿಗೆ ತೂಕವೇ ಇರದು.

ಆದರೆ ನಟನೆ, ಮೌನ, ಲಯವನ್ನು ತಪ್ಪು ನೋಡಿ ಕಲಿಯಲಾಗದು. ಅದಕ್ಕೆ ನಿರ್ದೇಶಕ ಶ್ರೀರಾಮ್ ರಾಘವನ್ ಅವರ ಹಿಂದಿ ಸೇಡಿನ ಚಿತ್ರ ‘ಬದ್ಲಾಪುರ್’ (2015) ನಂಥ ಗಟ್ಟಿ ಚಿತ್ರವೇ ಬೇಕು. ಅಲ್ಲಿ ಸೇಡು ತೀರಿಸಿಕೊಳ್ಳುವವನೇ ಪ್ರಶ್ನೆಯಾಗುತ್ತಾನೆ.

ಕಲಿತದ್ದನ್ನು ಕಾಫಿ ತೋಟದಲ್ಲಿ ತೆಗೆದು ನೋಡಿ. ಸಿಲ್ವರ್ ಓಕ್ ನೆರಳಲ್ಲಿ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಓಡಾಡುತ್ತವೆ. ಮೊಬೈಲ್ ಕ್ಯಾಮೆರಾ ಬೆಳಕಿನ ಮಟ್ಟವನ್ನು ತಾನೇ ಬದಲಿಸದಂತೆ ಎಕ್ಸ್‌ಪೋಶರ್ ಲಾಕ್ ಮಾಡದಿದ್ದರೆ ಒಂದೇ ಶಾಟ್‌ನೊಳಗೆ ಬೆಳಕು ಏರಿಳಿಯುತ್ತದೆ. ಮಂಜು ಕವಿಯುವ ಮುಂಚೆ ವೈಡ್ ಶಾಟ್ ಮುಗಿಸಿ, ಕ್ಲೋಸಪ್ ಆಮೇಲೆ ತೆಗೆದರಾಯಿತು.