ಮೊಡವೆ ಮುಖಕ್ಕೆ ಯಾವ ರೇಜರ್?

ಹಲವು ಅಲಗುಗಳ ಕಾರ್ಟ್ರಿಜ್ (ಹಿಡಿಕೆಗೆ ಸಿಕ್ಕಿಸುವ ರೇಜರ್ ತಲೆ) ಕೂದಲನ್ನು ಎಳೆದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಬಹುದು. ಗುಂಗುರು ಕೂದಲಾದರೆ ಒಳಕ್ಕೇ ಬೆಳೆದು ಗುಳ್ಳೆಯೇಳುತ್ತದೆ. ಬ್ಲೇಡ್ ಹಾಕುವ ಹಳೆಯ ಮಾದರಿಯ ಲೋಹದ ರೇಜರಿಗೆ ಒಂದೇ ಅಲಗು, ಆ ಕಾಟ ಕಡಿಮೆ. ಆದರೆ ಅದರ ತಲೆ ಬಾಗುವುದಿಲ್ಲ. ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿರುವಂತೆ ಹಿಡಿದು, ಒತ್ತದೆ, ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಬೇಕು. ದವಡೆಯ ತಿರುವಿನಲ್ಲಿ ಅವಸರಪಟ್ಟು ಮೊಡವೆಯ ತುದಿಯನ್ನೇ ಹಾರಿಸಿಕೊಂಡವನು ನಾನು. ಆಮೇಲೆ ಪಟಿಕ ಉಜ್ಜಿದಾಗಿನ ಉರಿ ಇನ್ನೂ ನೆನಪಿದೆ.

ಖರ್ಚು? ಲೋಹದ ಹಿಡಿಕೆಗೆ ಒಮ್ಮೆ ದುಡ್ಡು ಕೊಟ್ಟರಾಯಿತು, ಬ್ಲೇಡ್ ಅಗ್ಗ. ಮೊಂಡಾಗುವ ಮೊದಲೇ ಎಸೆಯಲು ಮನಸ್ಸು ಬರುತ್ತದೆ. ಕಾರ್ಟ್ರಿಜ್ ದುಬಾರಿ.

ಕೀವು ತುಂಬಿದ ಮೊಡವೆಗಳು ಮುಖವಿಡೀ ಇದ್ದರೆ ಟ್ರಿಮ್ಮರ್ ಸಾಕು, ನುಣುಪಿನ ಆಸೆ ಬಿಡಿ. ಬೆಳಿಗ್ಗೆ ಬಸ್ಸಿಗೆ ಓಡುವವರಿಗೆ ಕಾರ್ಟ್ರಿಜ್ ವಾಸಿ. ಒಂದೆರಡೇ ಗುಳ್ಳೆಗಳಿದ್ದು, ಅವನ್ನು ತಪ್ಪಿಸಿ ಹೋಗುವ ತಾಳ್ಮೆ ಕೈಗಿದ್ದರೆ ಲೋಹದ ರೇಜರ್.